ಹಲ್ಲು ಎಸೆಯಲು ಹೆಂಚಿನ ಮನೆ ಬೇಕು

ಹೆದರುಪುಕ್ಕಲರನ್ನು ಕಂಡರೆ ನನಗೆ ಮೊದಲಿನಿಂದಲೂ ಆಗಿಬರುವುದಿಲ್ಲ. ಅಂಥವರನ್ನು ನೋಡಿದರೆ ಅಯ್ಯೋ ಪಾಪ ಅನ್ನಿಸಬೇಕಂತೆ. ನನಗೆ ಅನ್ನಿಸುವುದಿಲ್ಲ, ಏನು ಮಾಡಲಿ? ದೇವರು ಧೈರ್ಯವನ್ನು ಎಲ್ಲರಿಗೂ ಒಂದೇ ಪಾವಿನಲ್ಲಿ ಅಳೆದು ಕೊಟ್ಟಿರುತ್ತಾನೆ. ಕೆಲವರು ಅದನ್ನು ಧಾರೆ ಸೀರೆಯ ಹಾಗೆ ಟ್ರಂಕಿನ ತಳದಲ್ಲಿಟ್ಟು, ನುಸಿಗುಳಿಗೆ ಹಾಕಿ ಕಾಯುತ್ತಾರೆ, ಉಡುವುದೇ ಇಲ್ಲ. ನಾನು ಓದಿದ್ದು ಐದನೇ ಕ್ಲಾಸು. ಹೆಚ್ಚು ಓದಿದವರು ಇದಕ್ಕೆ ಬೇರೆ ಕಾರಣ ಹೇಳಬಹುದು, ಹೇಳಲಿ. ಆದರೆ ಇಂಥ ನನಗೆ ಆ ದೇವರು ಮೊದಲು ಕೊಟ್ಟಿದ್ದು ಒಬ್ಬ ಪುಕ್ಕಲು ತಮ್ಮನನ್ನು. ಅವನನ್ನು ಹೇಗೋ ಎಳೆದಾಡಿ ದೊಡ್ಡವನನ್ನು ಮಾಡಿ, ಮದುವೆ ಮಾಡಿಸಿ ಕೈತೊಳೆದುಕೊಂಡೆ ಅನ್ನುವಷ್ಟರಲ್ಲಿ, ಬಿಟ್ಟ ಜ್ವರ ಮರುಕಳಿಸಿದ ಹಾಗೆ ಅದೇ ಅಚ್ಚಿನ ಒಬ್ಬ ಮೊಮ್ಮಗನನ್ನು ಕೊಟ್ಟ.

ಮೊಮ್ಮಗನ ಹೆಸರು ಧೀರಜ್. ಹೆಸರಿಟ್ಟವನು ನನ್ನ ಮಗ ಮಂಜುನಾಥ. ಮಗುವನ್ನು ಎರಡು ವರ್ಷ ಇಟ್ಟುಕೊಂಡು ನೋಡಿ ಆಮೇಲೆ ಹೆಸರಿಡುವ ಪದ್ಧತಿ ಇದ್ದಿದ್ದರೆ ಒಳ್ಳೆಯದಿತ್ತು. ಈಗ ಅವನಿಗೆ ಏಳು ವರ್ಷ. ರವೀಂದ್ರನಗರದ ನಮ್ಮ ಮನೆ ಹತ್ತಿರದ ಪಾರ್ಕಿನಲ್ಲಿ ಜಾರುಬಂಡೆ ಹತ್ತುವ ಮೊದಲು ಅದರ ಕಾಲು ಹಿಡಿದು ಅಲ್ಲಾಡಿಸಿ ನೋಡುತ್ತಾನೆ. ಬಿಸ್ಕತ್ತಿನ ಪೊಟ್ಟಣ ಕೊಟ್ಟರೆ ತಿರುಗಿಸಿ ತಾರೀಕು ಓದುತ್ತಾನೆ. ಬಾಳೆಹಣ್ಣಿನ ಮೇಲೆ ಕಪ್ಪು ಚುಕ್ಕೆ ಕಂಡರೆ ಅದು ಅವನ ಪಾಲಿಗೆ ತೀರಿಕೊಂಡ ಹಾಗೆ. ತೊಳೆದ ತಟ್ಟೆಯನ್ನು ಅಂಗಿಯ ತುದಿಯಿಂದ ಇನ್ನೊಮ್ಮೆ ಒರೆಸುತ್ತಾನೆ. ಅದೇ ಅಂಗಿಯಲ್ಲಿ ಬೆಳಗಿನಿಂದ ಮೂಗೂ ಒರೆಸಿಕೊಂಡಿರುತ್ತಾನೆ, ಅದು ಬೇರೆ ಮಾತು. ಇಂಥವನು ಒಂದು ದಿನ ಬೀದಿನಾಯಿಯ ಬಾಯೊಳಗೆ ಬೆರಳು ಹಾಕಿ ಅದರ ಹಲ್ಲು ಹುಳುಕಾಗಿದೆಯೋ ಇಲ್ಲವೋ ನೋಡುತ್ತಿದ್ದ. ನಾನು ಕೂಗಿಕೊಂಡರೆ, "ಅದಕ್ಕೆ ನಾನು ಗೊತ್ತು ಅಜ್ಜಿ" ಅಂದ. ಹಾಗಾದರೆ ಬಾಳೆಹಣ್ಣಿಗೆ ಇವನ ಪರಿಚಯ ಇಲ್ಲ ಅಂತ ಕಾಣುತ್ತದೆ.

ತಂಗಿ ಸಿರಿಗೆ ಐದು ವರ್ಷ. ಅವಳು ಮೊದಲು ಹಾರುತ್ತಾಳೆ, ಆಮೇಲೆ ಕೆಳಗೆ ಏನಿದೆ ಅಂತ ನೋಡುತ್ತಾಳೆ. ನನಗೆ ಅವಳ ಮೇಲೆ ಒಂದು ತೂಕ ಹೆಚ್ಚು ಪ್ರೀತಿ. ಮನೆಯಲ್ಲಿ ಎಲ್ಲರಿಗೂ ಗೊತ್ತು, ನಾನೂ ಮುಚ್ಚಿಡುವುದಿಲ್ಲ.

ಇವರಿಬ್ಬರ ಬಸ್ಸಿನಾಟದ ಬಗ್ಗೆ ಹೇಳಿಬಿಡುತ್ತೇನೆ, ಆಗ ಮುಂದಿನದು ನಿಮಗೆ ಸರಿಯಾಗಿ ತಿಳಿಯುತ್ತದೆ. ನಡುಮನೆಯ ದಿವಾನವೇ ಬಸ್ಸು. ಸಿರಿ ಡ್ರೈವರು, ಅವಳ ಕೈಯಲ್ಲಿ ಊಟದ ತಟ್ಟೆಯ ಸ್ಟೀರಿಂಗು. ಧೀರಜ್ ಕಂಡಕ್ಟರು. ಪ್ಯಾಸೆಂಜರು ಅಂತ ಸಿಗುವವಳು ನಾನೊಬ್ಬಳೇ. ಒಂದು ದಿನ ನನ್ನ ಪಾಡಿಗೆ ನಾನು ಕುರ್ಚಿಯಲ್ಲಿ ಕೂತು ಚಕ್ಕುಲಿಯನ್ನು ಕಾಫಿಯಲ್ಲಿ ಅದ್ದಿಕೊಂಡು ತಿನ್ನುತ್ತಿದ್ದೆ. ಕುರ್ಚಿ ಸಮೇತ ನನ್ನನ್ನು ಬಸ್ಸಿಗೆ ಸೇರಿಸಿಕೊಂಡರು.

"ಭದ್ರಾವ್ತಿ, ಭದ್ರಾವ್ತಿ, ಭದ್ರಾವ್ತೀ! ರೈಟ್!" ಅಂದಳು ಸಿರಿ.

"ನಿಲ್ಸೇ! ಅಜ್ಜಿಗೆ ಇನ್ನೂ ಬೆಲ್ಟ್ ಹಾಕಿಲ್ಲ."

"ಬಸ್ಸಲ್ಲಿ ಎಲ್ಲಿ ಬೆಲ್ಟ್ ಇರ್ತದೋ ಮಾರಾಯ, ಕೂರೋಕೆ ಸೀಟೇ ಇರಲ್ಲ" ಅಂದೆ ನಾನು.

"ನಮ್ ಬಸ್ಸಲ್ಲಿ ಇರ್ತದೆ" ಅಂದವನೇ, ಅವರಮ್ಮನ ದುಪಟ್ಟಾ ತಂದು ನನ್ನನ್ನು ಕುರ್ಚಿಗೆ ಬಿಗಿದ. ಸಾಲದು ಅಂತ ಇನ್ನೊಂದು ತಂದ. ಗಂಟಿನ ಮೇಲೆ ಗಂಟು, ಅದರ ಮೇಲೆ ಇನ್ನೊಂದು ಗಂಟು. ಬಸ್ಸು ಹೊರಟಿತು. ಅಷ್ಟರಲ್ಲಿ ನನಗೆ ಒಲೆಯ ಮೇಲಿಟ್ಟ ಹಾಲು ನೆನಪಾಯಿತು.

"ಮಲವಗೊಪ್ಪ! ಮಲವಗೊಪ್ಪ ಇಳಿಯೋರು ಯಾರ್ರೀ?"

"ನಾನು ಕಣೋ, ನಾನು ಇಳೀತೀನಿ! ಹಾಲು ಉಕ್ತಾ ಇದೆ, ಬಿಚ್ಚೋ!"

"ಬಸ್ ಪೂರ್ತಿ ನಿಲ್ಲೋವರೆಗೂ ಯಾರೂ ಏಳೋ ಹಾಗಿಲ್ಲ" ಅಂದ ಕಂಡಕ್ಟರು. "ಈ ಬಸ್ಸಿಗೆ ಬ್ರೇಕೇ ಇಲ್ಲಾ!" ಅಂದಳು ಡ್ರೈವರು. ಕೊನೆಗೆ ಬಿಚ್ಚಲು ಬಂದರೆ ಅವನು ಹಾಕಿದ ಗಂಟು ಅವನ ಕೈಯಿಂದಲೇ ಬಿಚ್ಚಿಕೊಳ್ಳಲಿಲ್ಲ. ಸೊಸೆ ಲತಾ ಅಂಗಡಿಯಿಂದ ಬಂದು ನೋಡುವಾಗ ಒಲೆಯ ಮೇಲೆ ಹಾಲು, ಕುರ್ಚಿಯ ಮೇಲೆ ನಾನು, ಇಬ್ಬರೂ ಉಕ್ಕುತ್ತಿದ್ದೆವು. ಅವಳು ಕತ್ತರಿ ತಂದಳು. "ಓಡೋ ಬಸ್ಸಿಗೆ ಕತ್ತರಿ ತರಬಾರ್ದು ಅಮ್ಮ, ಡೇಂಜರ್" ಅಂದ ಧೀರಜ್. ಆರದೆ ಉರಿಯುತ್ತಿದ್ದ ಗ್ಯಾಸು ಅವನ ಡೇಂಜರಿನ ಲೆಕ್ಕಕ್ಕೆ ಬಂದಿರಲೇ ಇಲ್ಲ.

ಇಂಥವನ ಕೆಳಗಿನ ಮುಂದಲ ಹಲ್ಲು ಅಲ್ಲಾಡಲು ಶುರುವಾಯಿತು. ಬೇರೆ ಮಕ್ಕಳಿಗಾದರೆ ಅಲ್ಲಾಡುತ್ತದೆ, ಬೀಳುತ್ತದೆ, ಮುಗಿಯಿತು. ಇವನು ಆ ಹಲ್ಲಿಗೆ ಅನ್ನದ ಅಗುಳೂ ತಾಗದ ಹಾಗೆ ಕಾಪಾಡಿದ. ಹಳೆಯದು ಜಾಗ ಬಿಡದೆ ಇರುವಾಗ ಹೊಸದು ಎಷ್ಟು ದಿನ ಅಂತ ಕಾಯುತ್ತದೆ? ಹಿಂದುಗಡೆಯಿಂದ ಇಣುಕಿತು. ಲತಾ ಗಾಬರಿಯಾಗಿ ಹಲ್ಲಿನ ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋದಳು. ಆಕೆ ನೋಡಿ, "ಸೋಮವಾರದೊಳಗೆ ತಾನಾಗೇ ಬಿದ್ರೆ ಸರಿ. ಇಲ್ದಿದ್ರೆ ಚಿಕ್ಕದೊಂದು ಇಂಜೆಕ್ಷನ್ ಕೊಟ್ಟು ತೆಗೀತೀನಿ" ಅಂದರಂತೆ. "ಚಿಕ್ಕದು ಅಂದ್ರೆ ಎಷ್ಟು?" ಅಂತ ಇವನು ಕೇಳಿದನಂತೆ. ಆಕೆ ಕಿರುಬೆರಳು ತೋರಿಸಿದರಂತೆ. ಅವತ್ತಿನಿಂದ ಮನೆಯಲ್ಲಿ ಯಾರ ಕಿರುಬೆರಳು ಕಂಡರೂ ಧೀರಜ್ ಬಾಯಿ ಮುಚ್ಚಿಕೊಳ್ಳುತ್ತಿದ್ದ. ಹಲ್ಲು ಕೀಳಿಸಿಕೊಳ್ಳುವುದಿಲ್ಲ, ಇಂಜೆಕ್ಷನ್ನೂ ಬೇಡ. ಸೋಮವಾರವಂತೂ ಇವನಿಗೋಸ್ಕರ ನಿಲ್ಲುವುದಿಲ್ಲ.

"ಇದಕ್ಕೆಲ್ಲ ಡಾಕ್ಟ್ರು ಎಂತಕ್ಕೆ ಲತಾ? ನಾನಿಲ್ವಾ?" ಅಂದೆ. ಸುಮ್ಮನೆ ಅಂದದ್ದಲ್ಲ. ಮದುವೆಯಾಗಿ ಭದ್ರಾವತಿಯ ನ್ಯೂಟೌನಿನ ಕ್ವಾರ್ಟರ್ಸಿಗೆ ಹೋದ ಮೇಲೆ ನಮ್ಮ ಸಾಲಿನ ಮಕ್ಕಳ ಹಾಲುಹಲ್ಲೆಲ್ಲ ಉದುರಿದ್ದು ಈ ಕೈಯಲ್ಲೇ. ತಮಿಳರ ಮಕ್ಕಳು, ತೆಲುಗರ ಮಕ್ಕಳು, ನಮ್ಮವರು, ಯಾರೇ ಆಗಲಿ, ಹಲ್ಲು ಅಲ್ಲಾಡಿತು ಅಂದರೆ ತಾಯಂದಿರು ಕೈ ಹಿಡಿದು ನಮ್ಮ ಮನೆಗೆ ತರುತ್ತಿದ್ದರು. ನನ್ನ ವಿದ್ಯೆ ಇಷ್ಟೇ. ಮಗುವನ್ನು ಮಡಿಲಲ್ಲಿ ಕೂರಿಸಿಕೊಳ್ಳುವುದು, ಊರ ಮೇಲಿನ ಮಾತು ಆಡುತ್ತಾ ಬೆರಳಿಗೆ ಸೆರಗು ಸುತ್ತಿಕೊಳ್ಳುವುದು, ತಟ್ಟನೆ "ಅಗೋ ನೋಡು ಕಾಗೆ!" ಅನ್ನುವುದು. ಮಗು ಕಾಗೆ ಹುಡುಕುವಷ್ಟರಲ್ಲಿ ಹಲ್ಲು ನನ್ನ ಕೈಯಲ್ಲಿರುತ್ತಿತ್ತು. ನನ್ನ ಗಂಡ ಫ್ಯಾಕ್ಟರಿಯಿಂದ ಬಂದು, "ಇವತ್ತು ಎಷ್ಟು ಜನರ ಬಾಯಿಗೆ ಕೈ ಹಾಕಿದೆ?" ಅಂತ ಕೇಳುತ್ತಿದ್ದರು. ಅವರು ಹೋಗಿ ಬಹಳ ವರ್ಷವಾಯಿತು. ನಗಿಸುತ್ತಿದ್ದರು, ಆ ಮಟ್ಟಿಗೆ ಒಳ್ಳೆಯವರು.

ಧೀರಜನನ್ನು ಮಡಿಲಿಗೆ ಕರೆದೆ. ಅವನು ಒಂದು ಮಾರು ದೂರ ನಿಂತ.

"ಅಪ್ಪ ಎಲ್ಲ ಹೇಳಿದಾರೆ ಅಜ್ಜಿ. ಕಾಗೆ ಇರಲ್ವಂತೆ."

ಮಂಜುನಾಥ ಪೇಪರಿನ ಹಿಂದೆ ಮುಖ ಮುಚ್ಚಿಕೊಂಡ. ಹೆತ್ತ ಮಗನೇ ನನ್ನ ವಿದ್ಯೆಯ ಗುಟ್ಟು ಒಡೆದಿದ್ದ.

ಭಾನುವಾರ ಬೆಳಿಗ್ಗೆ ಸಿರಿ ತಾನೇ ಡಾಕ್ಟರಾದಳು. ಹಲ್ಲಿಗೆ ದಾರ, ದಾರದ ಇನ್ನೊಂದು ತುದಿ ಬಾಗಿಲ ಚಿಲಕಕ್ಕೆ. ಧೀರಜ್ ಒಪ್ಪಿದ್ದು ನೋಡಿ ನನಗೇ ಆಶ್ಚರ್ಯ. ಒಪ್ಪುವ ಮೊದಲು ದಾರವನ್ನು ಬಿಸಿನೀರಿನಲ್ಲಿ ಅದ್ದಿಸಿದ, ಡಾಕ್ಟರ ಕೈ ಸೋಪಿನಲ್ಲಿ ತೊಳೆಸಿದ. ಸಿರಿ ಆಚೆಯಿಂದ ಬಾಗಿಲನ್ನು ಧಡಾರನೆ ತಳ್ಳಿದಳು. ಬಾಗಿಲು ಧೀರಜನ ಕಡೆಗೇ ಬಂತು, ದಾರ ಸಡಿಲವಾಗಿ ಜೋತುಬಿತ್ತು, ಹಲ್ಲು ಇದ್ದಲ್ಲೇ ಇತ್ತು. "ಬಾಗ್ಲು ಒಳಗಡೆ ತೆಗೆಯೋದು ಅಜ್ಜಿ, ಅದಕ್ಕೇ ಕಟ್ಟೋಕೆ ಬಿಟ್ಟೆ" ಅಂದ ನನ್ನ ಕಿವಿಯಲ್ಲಿ. ಸಿರಿಗೆ ಸಿಟ್ಟು ಬಂತು. "ಏ ಪುಕ್ಲ, ನೋಡು ಹಿಂಗೆ!" ಅಂತ ಗಟ್ಟಿಯಾಗಿದ್ದ ತನ್ನ ಹಲ್ಲಿಗೇ ದಾರ ಸುತ್ತಿ, ಮೇಜಿನ ಖಾನೆಯ ಹಿಡಿಗೆ ಕಟ್ಟಿ ಹಿಂದಕ್ಕೆ ಹಾರಿದಳು. ಹಿಡಿ ಕಿತ್ತು ಬಂತು. ಹಲ್ಲು ಬರಲಿಲ್ಲ. ಆ ಖಾನೆಯನ್ನು ಈಗಲೂ ಚಮಚ ಹಾಕಿ ಮೀಟಿ ತೆಗೆಯುತ್ತೇವೆ.

ಇಷ್ಟರಲ್ಲಿ ನಾನೊಂದು ಎಡವಟ್ಟು ಮಾಡಿದೆ. "ಬಿದ್ದ ಹಲ್ಲನ್ನ ಏನು ಮಾಡ್ತಾರೆ?" ಅಂತ ಧೀರಜ್ ಕೇಳಿದ. "ಸಗಣಿಯಲ್ಲಿಟ್ಟು ಉಂಡೆ ಮಾಡಿ ಹೆಂಚಿನ ಮೇಲೆ ಎಸೀತಾರೆ. ಆಗ ಹೊಸ ಹಲ್ಲು ನೆಟ್ಟಗೆ ಬರ್ತದೆ" ಅಂದುಬಿಟ್ಟೆ. ಅವನು ಮೇಲೆ ನೋಡಿದ. ನಮ್ಮದು ಆರ್‌ಸಿಸಿ ಮನೆ. ಅಕ್ಕಪಕ್ಕದ್ದೂ ಅಷ್ಟೇ. "ಇಲ್ಲಿ ಹೆಂಚೇ ಇಲ್ವಲ್ಲ? ಹಂಗಾದ್ರೆ ಹೆಂಚು ಸಿಗೋವರೆಗೂ ಬೀಳಬಾರ್ದು" ಅಂದ. ಇರುವ ತಾಪತ್ರಯ ಸಾಲದು ಅಂತ ಹೊಸದೊಂದನ್ನು ನಾನೇ ಕೈಯಾರೆ ಹುಟ್ಟಿಸಿ ಕೊಟ್ಟ ಹಾಗಾಯಿತು.

ಹೆಂಚು ಅಂದರೆ ನನಗೆ ನೆನಪಾಗುವುದು ನನ್ನ ತಮ್ಮ ಶೇಖರನ ಕಾಲು. ನಾವು ಹುಟ್ಟಿ ಬೆಳೆದದ್ದು ಭದ್ರಾವತಿಯ ಓಲ್ಡ್ ಟೌನಿನಲ್ಲಿ. ಬೇಸಿಗೆಯಲ್ಲಿ ಹೊಳೆ ಬತ್ತಿದಾಗ ನಾವೆಲ್ಲ ಬಂಡೆಯಿಂದ ಬಂಡೆಗೆ ಹಾರಿ ಆಚೆ ದಡ ಮುಟ್ಟಿ ಬಂದರೂ ಶೇಖರ ಕೋಲು ಹಿಡಿದು ಮೊದಲನೇ ಬಂಡೆಯನ್ನೇ ಕುಟ್ಟಿ ನೋಡುತ್ತಿರುತ್ತಿದ್ದ. ಫ್ಯಾಕ್ಟರಿಯ ಸೈರನ್ ದಿನಾ ಕೂಗಿದರೂ ದಿನಾ ಬೆಚ್ಚಿ ಅವ್ವನ ಸೆರಗು ಹಿಡಿಯುತ್ತಿದ್ದ. ಇವನ ಹಲ್ಲು ಬಿದ್ದಾಗ ಅವ್ವ ಸಗಣಿ ಉಂಡೆ ಮಾಡಿ ಎಸೆಯಲು ನನ್ನ ಕೈಗೆ ಕೊಟ್ಟಳು. ನಾನು ಕಣ್ಣು ಮುಚ್ಚಿ ಬೀಸಿದೆ. "ಸರಿಯಾಗಿ ಬಿತ್ತಾ ಅಕ್ಕ? ಮಳೆನೀರಿನ ದೋಣಿಗೆ ಜಾರಲಿಲ್ಲ ತಾನೆ?" ಅಂತ ಅವತ್ತೆಲ್ಲ ತಲೆ ತಿಂದ. ಮಾರನೇ ದಿನ ಅವ್ವ ಒಲೆ ಮುಂದೆ ಕೂತು ರೊಟ್ಟಿ ತಟ್ಟುತ್ತಿದ್ದಾಳೆ, ಮೇಲಿನಿಂದ ಹೆಂಚಿನ ಚೂರು ಉದುರಿತು, ಹಿಂದೆಯೇ ಒಂದು ಕಾಲು ಇಳಿಯಿತು. ಪಕ್ಕದ ಮನೆ ಶೆಲ್ವಿಯಕ್ಕ ಬೆಂಕಿಪೊಟ್ಟಣ ಕೇಳಲು ಬಂದವಳು, "ಅಯ್ಯೋ ಮುರುಗಾ!" ಅಂತ ಅಲ್ಲೇ ಕೂತುಬಿಟ್ಟಳು. ಅವ್ವ ಗಾಬರಿಯಾಗಲಿಲ್ಲ. ಹಿಟ್ಟಿನ ಕೈಯಲ್ಲೇ ಆ ಕಾಲನ್ನು ಹಿಡಿದು, "ಯಾರೋ ಅದು?" ಅಂದಳು. ಮೇಲಿನಿಂದ, "ನಾನು ಕಣವ್ವ. ಹಲ್ಲು ಇದೆ, ಸರಿಯಾಗೇ ಇದೆ" ಅಂತ ಉತ್ತರ ಬಂತು. ಮೊದಲನೇ ಬಂಡೆ ದಾಟದವನು, ನನ್ನ ಎಸೆತದ ಮೇಲೆ ನಂಬಿಕೆ ಇಲ್ಲದೆ, ಏಣಿಯೂ ಇಲ್ಲದೆ ಸೀಬೆಮರ ಹತ್ತಿ ಮನೆಯ ಮಾಡಿಗೆ ಇಳಿದಿದ್ದ. ಅಪ್ಪ ಬಂದು ಇಳಿಸುವವರೆಗೂ ಆ ಕಾಲು ಅಲ್ಲೇ ನೇತಾಡುತ್ತಿತ್ತು. ಅವ್ವ ಅದನ್ನು ಆಚೆ ಸರಿಸಿ ಸರಿಸಿ ರೊಟ್ಟಿ ಸುಟ್ಟಳು. ನಾನು ಕೆಳಗಿನಿಂದ ಅಂಗಾಲಿಗೆ ಕಚಗುಳಿ ಇಡುತ್ತಿದ್ದೆ. ಈಗ ಬರೆಯುವಾಗಲೂ ನನಗೆ ನಗು ತಡೆಯಲಾಗುತ್ತಿಲ್ಲ.

ಆ ಮನೆಯಲ್ಲೇ ಶೇಖರ ಈಗಲೂ ಹೆಂಡತಿ ಮಕ್ಕಳ ಜೊತೆ ಇದ್ದಾನೆ. ಹೆಂಚೂ ಇದೆ. ಫೋನು ಹಚ್ಚಿ ಧೀರಜನ ಕೈಗೆ ಕೊಟ್ಟೆ. ಅರವತ್ತು ದಾಟಿದ ಆ ಪುಕ್ಕಲು, ಏಳು ವರ್ಷದ ಈ ಪುಕ್ಕಲು, ಇಬ್ಬರೂ ಒಂದೇ ಆಫೀಸಿನ ನೌಕರರ ಹಾಗೆ ಮಾತಾಡಿಕೊಂಡರು. ಗಾಳಿ ಯಾವ ಕಡೆ, ಉಂಡೆ ಎಷ್ಟು ದಪ್ಪ, ದೋಣಿ ಎಷ್ಟು ದೂರ. "ಧೈರ್ಯವಾಗಿ ತಗೊಂಡ್ ಬಾ ಪುಟ್ಟ. ಆದ್ರೆ ನಿಮ್ಮಜ್ಜಿ ಕೈಲಿ ಮಾತ್ರ ಎಸೆಸಬೇಡ" ಅಂದ ಶೇಖರ.

ಅವತ್ತು ಮಧ್ಯಾಹ್ನದ ಊಟಕ್ಕೆ ಅಕ್ಕಿರೊಟ್ಟಿ. ಎಲ್ಲರೂ ಕೂತಿದ್ದೆವು. ಧೀರಜನನ್ನು ನೋಡಿ ನಾನು ಸುಮ್ಮನಿರಬೇಕಿತ್ತು. ಇರಲಿಲ್ಲ. "ನಾಳೆ ಇಂಜೆಕ್ಷನ್ ಹೊತ್ತಿಗೆ ಅಳಬೇಡ ಮತ್ತೆ. ನಮ್ಮನೇಲಿ ಹಲ್ಲಿಗೆ ಹೆದರಿದವ್ರು ಯಾರೂ ಇಲ್ಲ" ಅಂದೆ. ಅವನು ತಟ್ಟೆಯಿಂದ ತಲೆ ಎತ್ತದೆ ಕೇಳಿದ.

"ಮತ್ತೆ ನೀನ್ಯಾಕೆ ಬಲಗಡೆ ಅಗಿಯಲ್ಲ ಅಜ್ಜಿ?"

ಬಾಯಲ್ಲಿದ್ದ ತುತ್ತನ್ನು ನಾನು ಎಡಗಡೆಯಿಂದ ಬಲಗಡೆಗೆ ಸರಿಸಿದೆ.

"ಚಕ್ಲಿನ ಕಾಫಿಯಲ್ಲಿ ಅದ್ದಿ ತಿಂತೀಯ. ಬ್ರಷ್ ಮಾಡುವಾಗ ಒಂದೇ ಕಡೆ ಉಜ್ತೀಯ. ಯಾರೂ ಇಲ್ದಾಗ ಬೆರಳು ಹಾಕಿ ಅಲ್ಲಾಡಿಸ್ತೀಯ."

ಕಳ್ಳನಿಗಿಂತ ಪುಕ್ಕಲರ ಕಣ್ಣು ಚುರುಕು. ಬಲಗಡೆಯ ಮೇಲಿನ ದವಡೆ ಹಲ್ಲೊಂದು ಕಳೆದ ದೀಪಾವಳಿಯಿಂದ ಅಲ್ಲಾಡುತ್ತಿತ್ತು, ನಿಜ. ನಾನು ಹೇಳಿರಲಿಲ್ಲ, ಅಷ್ಟೇ. ಹೇಳಿದರೆ ಡಾಕ್ಟರು ಅಂತಾರೆ, ಡಾಕ್ಟರು ಇಂಜೆಕ್ಷನ್ ಅಂತಾರೆ. ಹೆರಿಗೆಗೆ ಅಳದವಳು ನಾನು, ಸೂಜಿ ಅಂದರೆ ಮಾತ್ರ ಸೇರುವುದಿಲ್ಲ. ಹೆದರಿಕೆ ಬೇರೆ, ಸೇರದಿರುವುದು ಬೇರೆ. ಅದನ್ನು ಬಿಡಿಸಿ ಹೇಳುವಷ್ಟರಲ್ಲಿ ಸಿರಿ ಗೇಟಿನ ಹತ್ತಿರ ಓಡಿ, "ನಮ್ಮಜ್ಜಿ ಹಲ್ಲೂ ಅಲ್ಲಾಡ್ತದೇ!" ಅಂತ ಇಡೀ ರಸ್ತೆಗೆ ಸಾರಿದಳು. ಎದುರು ಮನೆಯವರು ಬಾಗಿಲಿಗೆ ಬಂದರು.

"ಸರಿ ಹೋಯ್ತು ಅತ್ತೆ, ನಾಳೆ ನಿಮ್ಮದೂ ಒಟ್ಟಿಗೇ ಆಗಲಿ" ಅಂದಳು ಲತಾ. ಅವಳ ದನಿಯಲ್ಲಿದ್ದ ಸಂತೋಷ ನನಗೆ ಹಿಡಿಸಲಿಲ್ಲ.

"ನಾಳೆ ಬೇಡ. ಅಮಾವಾಸ್ಯೆ ಹತ್ರ ಬಂತು."

"ಮೊನ್ನೆ ತಾನೆ ಹುಣ್ಣಿಮೆ ಆಯ್ತಲ್ಲಮ್ಮ" ಅಂದ ಮಂಜುನಾಥ.

"ನನಗೆ ಬಿಪಿ ಇದೆ."

"ಅಳೆದು ನೋಡಿನೇ ಕೀಳ್ತಾರೆ ಅಜ್ಜಿ, ನಾನು ಕೇಳ್ಕೊಂಡ್ ಬಂದಿದೀನಿ" ಅಂದ ಧೀರಜ್. ಆಮೇಲೆ ಬಹಳ ಯೋಚನೆ ಮಾಡಿ ತನ್ನ ಷರತ್ತು ಹೇಳಿದ. "ನೀನು ಮೊದ್ಲು. ನೀನು ಅಳದಿದ್ರೆ ನಾನೂ ಕೀಳಿಸ್ಕೋತೀನಿ."

ಎಲ್ಲರೂ ನನ್ನ ಮುಖ ನೋಡಿದರು. ಕ್ವಾರ್ಟರ್ಸಿನ ಸಾಲಿನಲ್ಲಿ ಇಷ್ಟು ವರ್ಷ ಗಳಿಸಿದ ಹೆಸರೆಲ್ಲ ಆ ಒಂದು ಹಲ್ಲಿನ ಮೇಲೆ ಕೂತಿತ್ತು. ಆ ಹಲ್ಲೋ, ಅದೇ ನೆಟ್ಟಗೆ ಕೂತಿರಲಿಲ್ಲ. ನಾನು ಬೇಡ ಅಂದರೆ ಹುಡುಗನೂ ಬೇಡ ಅನ್ನುತ್ತಾನೆ, ಅವನ ಹೊಸ ಹಲ್ಲು ಜೀವಮಾನವೆಲ್ಲ ಸೊಟ್ಟ. "ಆಯ್ತು ಮಾರಾಯ" ಅಂದೆ.

ಸೋಮವಾರ ಡಾಕ್ಟರ ಬಾಗಿಲಲ್ಲಿ ಬೆಂಚಿನ ಮೇಲೆ ನಾನು, ಪಕ್ಕದಲ್ಲಿ ಧೀರಜ್, ಅವನ ಪಕ್ಕ ಲತಾ, ಅವಳ ತೊಡೆಯ ಮೇಲೆ ಸಿರಿ. ಒಳಗೆ ಏನೋ ಯಂತ್ರ ಕುಯ್ಯ್ ಅನ್ನುತ್ತಿತ್ತು. ನನ್ನ ಕೈ ತಣ್ಣಗಾಗಿತ್ತು, ಫ್ಯಾನಿನ ಗಾಳಿಗೆ. ಧೀರಜ್ ನನ್ನ ಕೈ ಹಿಡಿದುಕೊಂಡು ಗೋಡೆಯ ಮೇಲಿನ ಹಲ್ಲಿನ ಪಟ ನೋಡಿ ನನಗೆ ಬುದ್ಧಿ ಹೇಳತೊಡಗಿದ. ಬೇರು ಎಷ್ಟು ಆಳ ಇರುತ್ತದೆ, ರಕ್ತ ಎಷ್ಟು ಹೊತ್ತು ಬರುತ್ತದೆ, ಕೆಲವರಿಗೆ ಬಾಯಿ ಊದಿಕೊಳ್ಳುತ್ತದೆ. ಇಂಥ ಸಮಾಧಾನ ಶತ್ರುವಿಗೂ ಬೇಡ. ನನ್ನನ್ನು ಸಮಾಧಾನ ಮಾಡುವ ಭರದಲ್ಲಿ ಅವನ ನಾಲಿಗೆ ತನ್ನ ಹಲ್ಲನ್ನು ಕಾಯುವುದನ್ನೇ ಮರೆತು ಸುಮ್ಮನೆ ನೂಕುತ್ತಾ ಇತ್ತು. ಮಾತಿನ ನಡುವೆ ನಿಂತ. ಬಾಯಿಂದ ಏನನ್ನೋ ತೆಗೆದು ಅಂಗೈಯಲ್ಲಿಟ್ಟು ನೋಡಿದ.

"ಅಜ್ಜಿ, ಬಿತ್ತು."

ಅಕ್ಕಿಕಾಳಿನಷ್ಟು ಹಲ್ಲು. ಸಿರಿ ಚಪ್ಪಾಳೆ ತಟ್ಟಿದಳು. ಲತಾ ದೇವರಿಗೆ ಕೈ ಮುಗಿದಳು. ನಾನು ಚಪ್ಪಲಿ ಹುಡುಕಿದೆ. "ಅವನದ್ದು ಬಿತ್ತಲ್ಲ, ಇನ್ನೇನು ಕೆಲ್ಸ, ನಡೀರಿ ಹೋಗೋಣ" ಅಂತ ಏಳುವಷ್ಟರಲ್ಲಿ ಒಳಗಿನಿಂದ ನನ್ನ ಹೆಸರು ಕೂಗಿದರು. ಧೀರಜ್ ನನ್ನ ಕೈ ಬಿಡಲಿಲ್ಲ. "ನಾನೂ ಒಳಗೆ ಬರ್ತೀನಿ" ಅಂದ. ಬಾಳೆಹಣ್ಣಿನ ಚುಕ್ಕೆಗೆ ಹೆದರುವವನು ಆ ಕೋಣೆಯೊಳಗೆ ನನಗಿಂತ ಮೊದಲು ಕಾಲಿಟ್ಟ.

ಕುರ್ಚಿ ಹಿಂದಕ್ಕೆ ಮಲಗಿತು. ತಲೆಯ ಮೇಲೆ ದೀಪ. ಡಾಕ್ಟರಮ್ಮ ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡು ನಗುತ್ತಾ ಬಂದರು. ಬೆನ್ನ ಹಿಂದೆ ಏನಿದೆ ಅಂತ ನನಗೆ ಗೊತ್ತಿಲ್ಲವೇ? ನನ್ನ ಬಾಯಿ ತಾನಾಗಿ ಮುಚ್ಚಿಕೊಂಡಿತು. ಆಗ ಧೀರಜ್ ಕಿಟಕಿಯ ಕಡೆ ಬೆರಳು ತೋರಿಸಿ ಕೂಗಿದ.

"ಅಗೋ ನೋಡು ಅಜ್ಜಿ, ಕಾಗೆ!"

ನೋಡಿದೆ. ಅಷ್ಟು ಮಕ್ಕಳಿಗೆ ಇಲ್ಲದ ಕಾಗೆ ತೋರಿಸಿದವಳು, ಬಾಯಿ ಬಿಟ್ಟುಕೊಂಡು, ಕತ್ತು ತಿರುಗಿಸಿ ನೋಡಿದೆ. ಕಿಟಕಿಯಲ್ಲಿ ಕಾಗೆ ಇರಲಿಲ್ಲ, ಪರದೆ ಇತ್ತು.

ಆ ವಾರವೇ ಬಸ್ಸು ಹತ್ತಿ ಭದ್ರಾವತಿಗೆ ಹೋದೆವು. ಶೇಖರ ಆಗಲೇ ಅಂಗಳದಲ್ಲಿ ನಿಂತು ಗಾಳಿ ನೋಡುತ್ತಿದ್ದ. ತಟ್ಟೆಯನ್ನು ಎರಡೆರಡು ಸಲ ಒರೆಸುವ ಧೀರಜ್ ಕೊಟ್ಟಿಗೆಗೆ ಹೋಗಿ ಬರಿಗೈಯಲ್ಲಿ ಸಗಣಿ ಬಾಚಿ, ಮಿದ್ದು, ಬಿರುಕಿಲ್ಲದ ಉಂಡೆ ಮಾಡಿದ. ಬೇಡ ಬೇಡ ಅಂದರೂ ನನ್ನ ಹಲ್ಲಿಗೂ ಒಂದು ಮಾಡಿದ, ದೊಡ್ಡದು. ಎರಡನ್ನೂ ಸಿರಿ ಎಸೆದಳು. ಅಜ್ಜ ಮೊಮ್ಮಗ ಇಬ್ಬರೂ ಹಿಂದೆ ಹಿಂದೆ ಸರಿದು, ತುದಿಗಾಲಿನ ಮೇಲೆ ನಿಂತು ಹೆಂಚು ನೋಡಿದರು. ಶೇಖರ ಸೀಬೆಮರದ ಕಡೆ ನೋಡಿದ್ದನ್ನು ನಾನು ಕಂಡೆ. "ಕಾಲು ಮುರೀತೀನಿ" ಅಂದೆ. "ಸರಿಯಾಗೇ ಬಿದ್ದಿದೆ ಬಿಡಕ್ಕ, ನೀನು ಎಸೆದಿಲ್ವಲ್ಲ" ಅಂದ.

ಬರುವಾಗ ಬಸ್ಸಿನಲ್ಲಿ ಸಿರಿ ಕೇಳಿದಳು, "ಅಜ್ಜಿ, ನಿಂಗೂ ಹೊಸ ಹಲ್ಲು ಬರ್ತದಾ?"

"ಈ ವಯಸ್ಸಿಗೆ ಎಲ್ಲಿಂದ ಬರ್ತದೆ? ಸುಮ್ನೆ ಕೂತ್ಕೋ" ಅಂದೆ. ಹೆಂಚಿಗೆ ಎಸೆಯುವುದು, ಸಗಣಿ, ನೆಟ್ಟಗೆ ಬರುವುದು, ಇದನ್ನೆಲ್ಲ ನಂಬುವ ಪೈಕಿ ನಾನಲ್ಲ. ಮಕ್ಕಳಿಗೆ ಹೇಳುವ ಮಾತು ಅವು. ಆದರೂ ಬೆಳಿಗ್ಗೆ ಎದ್ದ ಕೂಡಲೇ ನನ್ನ ನಾಲಿಗೆ ತಾನಾಗಿ ಬಲಗಡೆಯ ಆ ಸಂದಿಗೆ ಹೋಗಿ ತಡವಿ ನೋಡುತ್ತದೆ. ಅಭ್ಯಾಸ, ಅಷ್ಟೇ. ನಿನ್ನೆ ಹಾಗೆ ತಡವುತ್ತಿದ್ದಾಗ ಧೀರಜ್ ಬಾಗಿಲಲ್ಲಿ ನಿಂತಿದ್ದ.

"ನಾಲಿಗೆ ಹಾಕ್ಬೇಡ ಅಜ್ಜಿ" ಅಂದ. "ಆಮೇಲೆ ಸೊಟ್ಟ ಬರ್ತದೆ."

ನಾನು ತೆಗೆದೆ.